ನುಗ್ಗೆಮರದ ಮೇಲೆ ಮುಂಜಾಗ್ರತಾ ದಾಳಿ

ಭೂಮಂಡಲದಲ್ಲಿ ರೇಣುಕಾಪ್ರಸಾದನ ಬಾಯಿಗೆ ಬಾರದ ಮಾತು ಒಂದೇ: 'ತಪ್ಪಾಯ್ತು'. ಹೋದ ಸಂಕ್ರಾಂತಿಗೆ ಭದ್ರಾವತಿಯ ಮಾವನ ಮನೆಗೆ ಹೋಗಿದ್ದಾಗ, ಅಂಗಳದ ನುಗ್ಗೆಮರ ಎಂದಾದರೊಂದು ದಿನ ತನ್ನ ಹೊಸ ಕಾರಿನ ಮೇಲೆ ಬಿದ್ದೀತು ಅಂತ, ಮನೆಯವರೆಲ್ಲ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಬುಡಕ್ಕೇ ಕೊಡಲಿ ಹಾಕಿದ್ದ. ಅಂದಿನಿಂದ ಹೆಂಡತಿಯ ತಮ್ಮ ಶಿವರಾಜ್ ಅಕ್ಕನ ಮನೆ ಹೊಸಿಲು ತುಳಿದವನಲ್ಲ.

ಈ ಸಂಕ್ರಾಂತಿ ಬೆಳಗ್ಗೆ, ಶಿವಮೊಗ್ಗದ ಸವಳಂಗ ರಸ್ತೆಯ ಮನೆಯಲ್ಲಿ, ಹೆಂಡತಿ ಮಂಜುಶ್ರೀ ಎಳ್ಳು-ಬೆಲ್ಲದ ಡಬ್ಬಿ ಮುಚ್ಚುತ್ತಾ ರಾಜಾಜ್ಞೆ ಹೊರಡಿಸಿದಳು: "ರೀ, ಇವತ್ತು ನನ್ನ ತಮ್ಮನ ಕೈಗೆ ಎಳ್ಳು ಕೊಟ್ಟು ತಪ್ಪಾಯ್ತು ಅನ್ಬೇಕು. ಇಲ್ಲಾಂದ್ರೆ ಮುಂದಿನ ಸಂಕ್ರಾಂತಿ ತನಕ ನಾನು ಭದ್ರಾವತೀಲೇ, ನೀವು ಇಲ್ಲೇ."

ಟಿವಿಯಲ್ಲಿ ಯಾವುದೋ ದೇಶದ ಮುಖಂಡ, ಪಕ್ಕದ ದೇಶಕ್ಕೆ ಬಾಂಬ್ ಹಾಕಿದ್ದು ಯಾಕೆ ಅಂತ ಹಲ್ಲು ಕಿರಿದು ವಿವರಿಸುತ್ತಿದ್ದ. ರೇಣುಕಾಪ್ರಸಾದನ ತಲೆಯಲ್ಲಿ ದೀಪ ಹತ್ತಿತು. ಎಲ್ಲರನ್ನೂ ನಗಿಸಿಬಿಟ್ಟರೆ ಕ್ಷಮೆ ಕೇಳೋ ಗಂಡಾಂತರವೇ ತಪ್ಪುತ್ತಲ್ಲ! ಕಾರು ಮಲವಗೊಪ್ಪ ದಾಟುವಷ್ಟರಲ್ಲಿ ಭಾಷಣ ಸಿದ್ಧ.

ಭದ್ರಾವತಿಯ ನಡುಮನೆಯಲ್ಲಿ ಅತ್ತೆ ವೀರಮ್ಮ ಕೂತಿದ್ದರು. ಶಿವರಾಜ್ ಗೋಡೆ ಕಡೆ ಮುಖ ಮಾಡಿದ್ದ. ಅಳಿಯ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಎಳ್ಳು ತಿಂದು ಒಳ್ಳೆ ಮಾತಾಡೋ ದಿನ ಇದು. ಅದಕ್ಕೇ ಲೋಕದ ಸಮಸ್ತ ಯುದ್ಧನಾಯಕರಿಗೆ ಕೃತಜ್ಞತೆ ಅರ್ಪಿಸ್ತೀನಿ! ಮಹಾಸ್ವಾಮಿಗಳೇ, ಊರು ಸುಡೋದು ಶಾಂತಿಗೋಸ್ಕರ ಅಂತ ತಿಳಿಸಿಕೊಟ್ರಿ, ಧನ್ಯವಾದ. ಪಕ್ಕದವನು ಹತ್ತು ವರ್ಷ ಬಿಟ್ಟು ಹೊಡೀಬಹುದು ಅಂತ ಇವತ್ತೇ ಹೊಡೆದು, ಅದಕ್ಕೆ ಆತ್ಮರಕ್ಷಣೆ ಅಂತ ನಾಮಕರಣ ಮಾಡಿದ್ರಿ, ತೊಟ್ಟಿಲು ತೂಗಿ ಧನ್ಯವಾದ. ಮನೆ ಕಳ್ಕೊಂಡವರಿಗೆ 'ಎಲ್ಲಾ ನಿಮ್ಮ ಒಳ್ಳೇದಕ್ಕೇ' ಅಂದ್ರಿ, ಅಡ್ಡಬಿದ್ದು ಧನ್ಯವಾದ!"

ವೀರಮ್ಮ ಹಲ್ಲಿನ ಸೆಟ್ಟು ಹಿಡಿದುಕೊಂಡು ನಕ್ಕರು. ಗೋಡೆ ಕಡೆ ತಿರುಗಿದ್ದ ಶಿವರಾಜನ ಭುಜವೂ ಕುಲುಕಿತು. ಆ ನಗು ಕೇಳಿ ರೇಣುಕಾಪ್ರಸಾದ ನುಗ್ಗೆಮರ ಹತ್ತಿಯೇಬಿಟ್ಟ. (ಹತ್ತಿದ ಮೇಲೆ ನೆನಪಾಯ್ತು, ಮರ ಇಲ್ಲ ಅಂತ.)

"ಅಳಿಯಂದ್ರೇ, ಇದನ್ನ ಎಲ್ಲೋ ಕೇಳಿದೀನಲ್ಲ?" ಅಂದರು ವೀರಮ್ಮ.

"ಟಿವಿಯಲ್ಲಿ ಅತ್ತೆ."

"ಇಲ್ಲಪ್ಪ, ನಮ್ಮ ಅಂಗಳದಲ್ಲೇ. ನಾವು ದೇವಸ್ಥಾನದಿಂದ ಬಂದಾಗ ಕೊಡಲಿ ಹಿಡ್ಕೊಂಡು ನೀವೇ ಅಂದ್ರಲ್ಲ, ಮುಂದೆ ಬೀಳೋದನ್ನ ಈಗಲೇ ಬೀಳಿಸಿದೆ, ಎಲ್ಲಾ ನಿಮ್ಮ ಒಳ್ಳೇದಕ್ಕೇ ಅಂತ."

ಶಿವರಾಜ್ ಈಗ ತಿರುಗಿ ಕೈಮುಗಿದ. "ಭಾವ, ನುಗ್ಗೆಕಾಯಿ ಸಾರಿನ ಹಾವಳಿಯಿಂದ ನಮ್ಮನ್ನ ವಿಮೋಚನೆ ಮಾಡಿದ್ರಿ. ಧನ್ಯವಾದ."

"ಕಾರನ್ನ ನಾಲ್ಕು ಮಾರು ಆಚೆ ನಿಲ್ಲಿಸಿದ್ರೆ ಸಾಕಿತ್ತು," ಅಂದಳು ಮಂಜುಶ್ರೀ. "ಕೊಡಲಿನೇ ಆರಿಸ್ಕೊಂಡ್ರಿ. ಧನ್ಯವಾದ ರೀ."

ತನ್ನದೇ ಭಾಷಣ ತನ್ನ ಮೇಲೇ ಬೀಳುತ್ತಿರುವಾಗ ಯಾವ ಬಂಕರಿಗೆ ಓಡುವುದು? ಒಂದು ಹಿಡಿ ಎಳ್ಳು ಬಾಯಿಗೆ ಎಸೆದುಕೊಂಡ. ವರ್ಷದಿಂದ ಸಿಕ್ಕಿಹಾಕಿಕೊಂಡಿದ್ದ ಮಾತು ಎಳ್ಳಿನ ಜೊತೆ ಉದುರಿತು: "ತಪ್ಪಾಯ್ತು ಶಿವರಾಜ್."

ಭಾವ ಕೈಗಿಟ್ಟ ಎಳ್ಳನ್ನ ಶಿವರಾಜ್ ತಿಂದ. ಅಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡಳು. ವೀರಮ್ಮ ಒಳಗೆ ಹೋಗಿ ಒಂದು ಕುಂಡ ತಂದಿಟ್ಟರು. ಕಡಿದ ಮರದ್ದೇ ಕೊಂಬೆ, ಊರಿಟ್ಟಿದ್ದರು, ಚಿಗುರಿತ್ತು. "ತಗೊಂಡು ಹೋಗಿ. ನಿಮ್ಮನೇಲಿ ಜಾಗ ಇದೆಯಲ್ಲ, ಕಾರು ನಿಲ್ಲಿಸೋ ಜಾಗ."

ಈಗ ಆ ಕಾರು ಸವಳಂಗ ರಸ್ತೆಯ ಧೂಳಲ್ಲಿ ಬಿಸಿಲು ಕಾಯುತ್ತೆ. ಗೇಟಿನೊಳಗೆ ಅದರ ಜಾಗದಲ್ಲಿ ನುಗ್ಗೆಗಿಡ ಎದೆಯೆತ್ತರ ಬಂದಿದೆ. ರೇಣುಕಾಪ್ರಸಾದ ದಿನಾ ಬೆಳಗ್ಗೆ ತಪ್ಪದೆ ನೀರು ಹಾಕ್ತಾನೆ. ಯಾಕಪ್ಪಾ ಇಷ್ಟು ಭಕ್ತಿ ಅಂತ ಯಾರಾದ್ರೂ ಕೇಳಿದ್ರೆ, ಅಡುಗೆಮನೆ ಕಿಟಕಿ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳ್ತಾನೆ: "ಆತ್ಮರಕ್ಷಣೆ."