ಶಿಖರಕ್ಕೆ ಹೋದವನು

ಭಾನುವಾರ ಬೆಳಿಗ್ಗೆ ಗೌದೆಂತ್ಸ್ ಒಂದು ಸಣ್ಣ ಸುಳ್ಳು ಹೇಳಿದ. "ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ನೀವಿಬ್ರೂ ಶಿಖರಕ್ಕೆ ಹೋಗಿ ಬನ್ನಿ."

ಎಂಗದೀನ್ ಕಣಿವೆಯ ಅಂಚೆ ಕಚೇರಿಯಲ್ಲಿ ಅವನ ಜೊತೆಗೆ ಕೆಲಸ ಮಾಡುವ ಲಾದೀನಾ ಮತ್ತು ಯಾಕೆನ್ ಅವನನ್ನು ಪುಸಲಾಯಿಸಿ ಕರೆತಂದಿದ್ದರು. ಶನಿವಾರವಿಡೀ ಸ್ಕೀ ಕಟ್ಟಿಕೊಂಡು ಹತ್ತಿ ಬೆಟ್ಟದ ಈ ತಂಗುಮನೆ ಸೇರುವಷ್ಟರಲ್ಲಿ ಅವನ ಸೊಂಟ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಇವತ್ತು ಬಿಸಿಲಲ್ಲಿ ಬೆಂಚಿನ ಮೇಲೆ ಕೂತು ಅಕ್ರೋಟಿನ ಕೇಕು ತಿನ್ನುವುದು ಅವನ ಯೋಜನೆ.

"ನಿನ್ನೆ ಊಟಕ್ಕೆ ಎಲ್ಲರಿಗಿಂತ ಮುಂಚೆ ಓಡಿದ ಕಾಲು ಇದೇನಾ?" ಎಂದ ಯಾಕೆನ್.

"ಅದು ಇನ್ನೊಂದು ಕಾಲು."

ಅವರು ಹೊರಟರು. ಗೌದೆಂತ್ಸ್ ಬೆಂಚಿನ ಮೇಲೆ ಕೂತನೋ ಇಲ್ಲವೋ, ತಂಗುಮನೆ ನಡೆಸುವ ಬಾರ್ಬ್ಲಾ ಸಲಿಕೆ ತಂದು ಕೈಗಿಟ್ಟಳು. "ರಾತ್ರಿ ಉಳಿಯೋರು ಅತಿಥಿಗಳು, ಹಗಲು ಉಳಿಯೋರು ಕೆಲಸದವರು. ಪಾಯಿಖಾನೆ ದಾರಿಯ ಹಿಮ ತೆಗಿ."

"ಕಾಲು ನೋವು, ಬಾರ್ಬ್ಲಾ."

"ಸಲಿಕೆ ಹಿಡಿಯೋದು ಕೈಯಲ್ಲಿ."

ಹಿಮ ತೆಗೆದದ್ದಾಯಿತು. ಸೌದೆ ಸೀಳಿದ್ದಾಯಿತು. ಆಮೇಲೆ ಅವಳು ಎಳೆದು ತಂದ ಆಲೂಗಡ್ಡೆ ಮೂಟೆ ಅವನ ಸೊಂಟದವರೆಗಿತ್ತು. ಸಿಪ್ಪೆ ತೆಗೆಯುವುದಕ್ಕಿಂತ ಶಿಖರವೇ ವಾಸಿ ಎನಿಸಿತು.

"ನೋವು ಹೋಯ್ತು ಅನ್ಸುತ್ತೆ. ಅವರ ಹಿಂದೆ ಹೋಗ್ತೀನಿ."

ಬಾರ್ಬ್ಲಾ ಆಕಾಶ ನೋಡಿದಳು, ಹಿಮ ಒದ್ದು ನೋಡಿದಳು. "ಹಿಮ ಗಟ್ಟಿಯಾಗಿದೆ, ಕುಸಿಯಲ್ಲ. ಸ್ಕೀ ಗುರುತು ಬಿಟ್ಟು ಆಚೀಚೆ ಹೋಗ್ಬೇಡ."

ಮೊದಮೊದಲು ಅವನು ಬೈದುಕೊಂಡೇ ಹತ್ತಿದ. ಆಮೇಲೆ ಬೈಗುಳ ಮುಗಿಯಿತು. ಹಿಮದ ಮೇಲೆ ಸ್ಕೀ ಜಾರುವ ಸರಸರ ಸದ್ದು, ತನ್ನ ಉಸಿರು, ಅಷ್ಟೇ. ದಾರಿಯಲ್ಲಿ ಗೆಳೆಯರು ಸಿಗಲಿಲ್ಲ. ಕೊನೆಯ ಏರು ಮುಗಿದಾಗ ಮರದ ಶಿಲುಬೆಯೊಂದು ನಿಂತಿತ್ತು. ಅದರಾಚೆ ಬೆಟ್ಟದ ಹಿಂದೆ ಬೆಟ್ಟ, ಕಣ್ಣು ಹೋದಷ್ಟು ದೂರ ಬಿಳುಪು, ನೀಲಿ, ಮತ್ತೆ ಬಿಳುಪು. ಹುಟ್ಟಿದಾಗಿನಿಂದ ಈ ಬೆಟ್ಟಗಳ ಬುಡದಲ್ಲೇ ಲಕೋಟೆಗೆ ಮುದ್ರೆ ಒತ್ತಿದವನು ಅವುಗಳ ಎದುರು ಇದೇ ಮೊದಲ ಸಲ ನಿಂತಿದ್ದ. ಟೋಪಿ ತೆಗೆದ. ತುಂಬ ಹೊತ್ತು ಹಾಗೇ ನಿಂತ.

ನಾಲ್ಕು ಸಲ ಬಿದ್ದು, ಮೈಯೆಲ್ಲ ಹಿಮ ಮೆತ್ತಿಕೊಂಡು ಕೆಳಗೆ ಬಂದರೆ ಗೆಳೆಯರಿಬ್ಬರೂ ಬೆಂಚಿನ ಮೇಲೆ ಕೂತು ಕೇಕು ತಿನ್ನುತ್ತಿದ್ದರು. ಅರ್ಧ ದಾರಿಯಲ್ಲೇ ಲಾದೀನಾಳ ಸ್ಕೀ ಕೊಂಡಿ ಮುರಿದು ಇನ್ನೊಂದು ಇಳಿಜಾರಿನಲ್ಲಿ ವಾಪಸಾಗಿದ್ದರಂತೆ.

"ನಾನು ಶಿಖರಕ್ಕೆ ಹೋಗಿದ್ದೆ," ಎಂದ ಗೌದೆಂತ್ಸ್.

"ನೀನಾ? ಯಾವುದೋ ಬಂಡೆ ಹಿಂದೆ ಮಲಗಿದ್ದು ಬಂದಿರ್ತೀಯ," ಎಂದ ಯಾಕೆನ್.

"ಆಲೂಗಡ್ಡೆಗೆ ಹೆದರಿ ಓಡಿದ್ದಂತೂ ನಿಜ," ಎಂದಳು ಬಾರ್ಬ್ಲಾ.

ಗೌದೆಂತ್ಸ್ ಆಣೆ ಮಾಡಿದ, ನಂಬಿ ಎಂದು ಬೇಡಿಕೊಂಡ. ಲಾದೀನಾ ಕನಿಕರದಿಂದ ಅವನ ಬೆನ್ನು ತಟ್ಟಿದಳು. ಅದು ನಗುವಿಗಿಂತ ಕೆಟ್ಟದಾಗಿತ್ತು.

ಅಷ್ಟರಲ್ಲಿ ಕೆಂಪು ಟೋಪಿಯ ಮುದುಕಿಯೊಬ್ಬಳು ಶಿಖರದ ಕಡೆಯಿಂದ ನಿಧಾನವಾಗಿ ಜಾರಿ ಬಂದಳು. "ಮೇಲೆ ಯಾರಾದರೂ ಇದ್ರಾ, ಮೆಂಗ್ಯಾ?" ಎಂದು ಬಾರ್ಬ್ಲಾ ಕೇಳಿದಳು.

"ಒಬ್ಬನಿದ್ದ. ನಾನು ಗಾಳಿಗೆ ಮರೆಯಾಗಿ ಬಂಡೆ ಹಿಂದೆ ಬ್ರೆಡ್ಡು ತಿಂತಿದ್ದೆ, ಬೆನ್ನು ಮಾತ್ರ ಕಾಣ್ತು."

ಗೌದೆಂತ್ಸ್ ಎದೆಯುಬ್ಬಿಸಿ ಎದ್ದು ನಿಂತ.

"ಪಾಪ, ಎಳೇ ಮಗು ಥರ ಅಳ್ತಿದ್ದ. ಶಿಲುಬೆ ತಬ್ಬಿಕೊಂಡು ಬೆಟ್ಟಗಳಿಗೆಲ್ಲ ತಪ್ಪೊಪ್ಪಿಗೆ ಹೇಳ್ತಿದ್ದ. ಬೊಬ್ಬೆ ಸುಳ್ಳಂತೆ, ಕೇಕಿನ ಆಸೆಯಂತೆ. ಅಮ್ಮಾ, ಕ್ಷಮಿಸು ಅಂತಿದ್ದ."

ಬೆಂಚಿನ ಮೇಲೆ ಅಗಿಯುವುದು ನಿಂತಿತು. ಇಬ್ಬರೂ ಅವನ ಕಡೆ ತಿರುಗಿದರು.

ಗೌದೆಂತ್ಸ್ ಒಂದು ಸಲ ಶಿಖರ ನೋಡಿದ. ನಾಳೆ ಬೆಳಿಗ್ಗೆಯ ಅಂಚೆ ಕಚೇರಿ ಕಣ್ಣಮುಂದೆ ಬಂತು.

"ಯಾಕೆನ್ ಹೇಳಿದ್ದೇ ಸರಿ," ಎಂದ. "ಬಂಡೆ ಹಿಂದೆ ಮಲಗಿದ್ದೆ."