ನಾನು ಒತ್ತಿದ ‘ಹೌದು’

ಮರ್ಯಾದೆಯಿಂದ ಕೇಳಿದವರಿಗೆ ‘ಬೇಡ’ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ. ಪಕ್ಕದವರು ಏಣಿ ಕೇಳಿದರೂ ಹೌದು, ಹೆಡ್‌ಮಾಸ್ತರು ರವಿವಾರ ಬರಲು ಹೇಳಿದರೂ ಹೌದು. ಕೇಳುವವರು ಮನುಷ್ಯರಾಗಿದ್ದಷ್ಟು ದಿನ ಇದರಿಂದ ನನಗೊಬ್ಬನಿಗೇ ತೊಂದರೆಯಾಗುತ್ತಿತ್ತು.

ರೋಣದ ಬಸ್‌ಸ್ಟ್ಯಾಂಡಿನ ಎದುರು ಶಹನಾಜ್‌ಬಾನು ಅವರ ಕಂಪ್ಯೂಟರ್ ಅಂಗಡಿ. ಇಂಟರ್‌ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ. ಒಂದು ರವಿವಾರ ನಾನು ಅದರ ಮುಂದೆ ಕುಳಿತು ಮಂಡಿನೋವಿಗೆ ಮನೆಮದ್ದು ಹುಡುಕುತ್ತಿದ್ದೆ. ಒಂದು ಕನ್ನಡ ವೆಬ್‌ಸೈಟು ತೆರೆದುಕೊಂಡು, ‘ಅಕ್ಷರಗಳು ಚೆನ್ನಾಗಿ ಕಾಣಲು ನಿಮ್ಮ ಬ್ರೌಸರಿನ ಸೆಟ್ಟಿಂಗ್ ಬದಲಿಸಬಹುದೇ?’ ಎಂದು ಕೇಳಿತು. ಎಷ್ಟು ವಿನಯ! ಕೆಳಗಿದ್ದ ನಾಲ್ಕು ಸಾಲು ಓದದೆ ‘ಹೌದು’ ಒತ್ತಿದೆ. ಅಕ್ಷರಗಳು ಲಗ್ನಪತ್ರಿಕೆಯ ಹಾಗೆ ದುಂಡಗಾದವು. ಮೆಂತ್ಯದ ಲೇಪವನ್ನು ಬರೆದುಕೊಂಡು ಖುಷಿಯಿಂದ ಮನೆಗೆ ಬಂದೆ.

ಮರುದಿನ ಮುಂಜಾನೆ ಹೆಂಡತಿಯ ತಂಗಿ ಸುಮಿತ್ರಾಳನ್ನು ಕರೆದುಕೊಂಡು ಮತ್ತೆ ಅಲ್ಲಿಗೇ ಹೋದೆ. ಗದಗಿನಲ್ಲಿ ಹನ್ನೊಂದಕ್ಕೆ ಅವಳ ನರ್ಸ್ ಹುದ್ದೆಯ ಪರೀಕ್ಷೆ. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಇದೇ ಕೊನೆಯ ಅವಕಾಶ. ಹಾಲ್ ಟಿಕೆಟ್ ಮುದ್ರಿಸಿಕೊಂಡು ಎಂಟೂವರೆಯ ಬಸ್ಸು ಹಿಡಿಯಬೇಕಿತ್ತು.

ಹಾಲ್ ಟಿಕೆಟ್ ಬಂತು. ಫೋಟೋ ಅವಳದೇ. ಆದರೆ ಇಂಗ್ಲಿಷಿನಲ್ಲಿರಬೇಕಾದ ಹೆಸರಿನ ಜಾಗದಲ್ಲಿ ‘ಒಖಿಖಂ’ ಎಂದೇನೋ ಇತ್ತು. ಕೇಂದ್ರದ ವಿಳಾಸವೂ ಅದೇ ಭಾಷೆಯಲ್ಲಿ!

“ಮಾಮಾ, ಇದೇನ್ರಿ ಇದು? ನನ್ನ ಒಳಗ ಬಿಡ್ತಾರೇನ್ರಿ?” ಸುಮಿತ್ರಾ ಪರದೆಗೆ ಬೆರಳು ಮಾಡಿ ಕೇಳಿದಳು.

ಶಹನಾಜ್‌ಬಾನು ಅದು ಇದು ಒತ್ತಿ ನೋಡಿದರು. “ವೈರಸ್ ಹೊಕ್ಕೈತಿ ಅನಸ್ತದ. ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ. ಎರಡ ತಾಸರ ಬೇಕು.”

ಎದುರಿಗೆ ಗದಗಿನ ಬಸ್ಸು ಎಂಜಿನ್ ಚಾಲೂ ಮಾಡಿತು. ಸುಮಿತ್ರಾ ಬಸ್ಸನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದಳು. ಕಾರಣ ನನಗೆ ಗೊತ್ತಿತ್ತು. ಆ ದುಂಡನೆಯ ಅಕ್ಷರಗಳ ಗುರುತು ಹತ್ತಿತ್ತು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅವಳ ಪರೀಕ್ಷೆ ಹೋಗುತ್ತಿತ್ತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಅರ್ಧ ನಿಮಿಷ ಸುಮ್ಮನೇ ನಿಂತಿದ್ದೆ.

“ವೈರಸ್ ಅಲ್ರಿ ಬಾಯಾರ,” ಎಂದೆ ಕೊನೆಗೆ. “ನಿನ್ನಿ ಒಂದು ವೆಬ್‌ಸೈಟು ಸೆಟ್ಟಿಂಗ್ ಬದಲಿಸ್ಲೇನು ಅಂತ ಕೇಳ್ತು. ನಾನ ಹೌದು ಅಂದೇನ್ರಿ.”

ಅವರು ನನ್ನನ್ನು ನೋಡಲೂ ಇಲ್ಲ. ಸೆಟ್ಟಿಂಗ್ ತೆರೆದು, ಎಲ್ಲ ಪುಟಗಳಿಗೂ, ಇಂಗ್ಲಿಷಿಗೂ ಸಹ, ಆ ಕನ್ನಡ ಫಾಂಟನ್ನೇ ಹಾಕುತ್ತಿದ್ದ ಎರಡು ಗುರುತು ತೆಗೆದರು. ಹೆಸರು ಹೆಸರಾಯಿತು. ಮುದ್ರಣಯಂತ್ರ ಒಂದೊಂದೇ ಸಾಲನ್ನು ಎಳೆಯುತ್ತಿದ್ದಾಗ ಬಸ್ಸು ಮುಂದಕ್ಕೆ ಸರಿಯತೊಡಗಿತು. ನಾನು ಓಡಿಹೋಗಿ ಎರಡೂ ಕೈ ಚಾಚಿ ಅದರ ಮುಂದೆ ನಿಂತೆ. ಕಂಡಕ್ಟರ್ ಬಾಯಿಗೆ ಬಂದಂತೆ ಬೈದ. ಸುಮಿತ್ರಾ ಅಷ್ಟರಲ್ಲಿ ಹಾಲ್ ಟಿಕೆಟ್ ಹಿಡಿದು ಹತ್ತಿದ್ದಳು.

ಏದುಸಿರು ಬಿಡುತ್ತ ಅಂಗಡಿಗೆ ಬಂದು, “ನೋಡ್ರಿ, ಮಂದಿಗೆ ಅನುಕೂಲ ಮಾಡ್ತೀವಿ ಅಂತ ಈ ವೆಬ್‌ಸೈಟ್ ನಮ್ಮ ಕಂಪ್ಯೂಟರಿಗೆ ಕೈ ಹಚ್ಚೂದು ಖರೇನ ತಪ್ಪು!” ಎಂದೆ.

“ತಪ್ಪ ಬಿಡ್ರಿ. ಆದ್ರ ಅದು ಕೇಳೇ ಕೈ ಹಚ್ಚೇತಲ್ರಿ ಮಾಸ್ತರ?”

“ಹೌದು, ನನ್ನ ಕೇಳ್ತು.”

“ಕಂಪ್ಯೂಟರ್ ಯಾರದ್ರಿ?”

ಇಪ್ಪತ್ತು ವರ್ಷ ಮಕ್ಕಳಿಗೆ ‘ಪ್ರಶ್ನೆ ಓದಿ ಉತ್ತರ ಬರೀರಿ’ ಎಂದು ಹೇಳುತ್ತ ಬಂದವನು ನಾನು. ಪ್ರಶ್ನೆ ಯಾರಿಗೆ ಬಂದದ್ದೆಂದೂ ನೋಡಬೇಕು ಎನ್ನುವುದು ನಮ್ಮ ಪಾಠದಲ್ಲಿರಲಿಲ್ಲ.