ನಮ್ಮ ವಕೀಲರು ಪಕ್ಷ ಬಿಟ್ಟದ್ದು

ಒಂದು ಪಕ್ಷ ಬಿಟ್ಟು ಇನ್ನೊಂದು ಸೇರುವವರು ಎಲ್ಲಾ ಕಾಲಕ್ಕೂ ಇರುತ್ತಾರೆ. ಈಗಂತೂ ಯಾರೋ ಬಿಟ್ಟರೆಂದರೆ ಮಂದಿ ತಲೆ ಎತ್ತಿಯೂ ನೋಡುವುದಿಲ್ಲ. ಆದರೆ ಸ್ವಾತಂತ್ರ್ಯ ಬಂದ ಎರಡನೆಯ ವರ್ಷ ನಮ್ಮ ವಕೀಲರು ಬಿಟ್ಟಾಗ ವಿಜಾಪುರವೇ ಬಾಯಿ ತೆರೆದು ನಿಂತಿತ್ತು. ನಾನು ಅವರ ಕಾರಕೂನ. ಅವರು ತಾಲ್ಲೂಕಾ ಸಮಿತಿಯ ಅಧ್ಯಕ್ಷರಾಗಿದ್ದರಿಂದ ಪಕ್ಷದ ಕಚೇರಿಯ ಪತ್ರ ಬರೆಯುವವನೂ ನಾನೇ. ಆ ಒಂದು ತಿಂಗಳಲ್ಲಿ ನಾನು ಹೌಹಾರಿದಷ್ಟು ಸಲ ಮುಂದೆಂದೂ ಹೌಹಾರಿಲ್ಲ.

ಹೊಸ ಟೊಪಿಗಿ

ಪರದೇಶದ ಸರಕಾರಕ್ಕೆ ಸಲಾಮು ಹೊಡೆದವರನ್ನು ಪಕ್ಷದ ಹೊಸ್ತಿಲು ತುಳಿಯಗೊಡುವುದಿಲ್ಲ ಅಂತ ನಮ್ಮಲ್ಲೊಂದು ನೇಮವಿತ್ತು. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಕಚೇರಿಯ ಗೋಡೆಗೆ ಹಚ್ಚಿದವನು ನಾನೇ. ಒಂದು ದಿನ ಜಿಲ್ಲೆಯ ಹಿರಿಯ ಮುಖಂಡರು ಒಬ್ಬರನ್ನು ಕರೆದುಕೊಂಡು ಬಂದು, ಆ ಗೋಡೆಯ ಕೆಳಗೇ ಕೂಡಿಸಿದರು. ತಲೆಯ ಮೇಲೆ ಬಿಳಿ ಟೊಪಿಗಿ. ದರ್ಜಿಯ ನೀಲಿ ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ.

"ಇವತ್ತಿನಿಂದ ಇವರು ನಮ್ಮವರು," ಅಂದರು ಮುಖಂಡರು.

ನೋಡಿದರೆ ಬಬಲೇಶ್ವರದ ಕಡೆಯ ಇನಾಮದಾರರು! ಚಳವಳಿಯಲ್ಲಿ ನಮ್ಮ ವಕೀಲರ ವಿರುದ್ಧ ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿ, ಅವರನ್ನು ಜೇಲಿಗೆ ಕಳಿಸಿದ ಮನುಷ್ಯ. ವಕೀಲರು ಚಾದ ಕಪ್ಪು ಕೆಳಗಿಟ್ಟು ಮುಖಂಡರ ಕಡೆ ತಿರುಗಿದರು.

"ನನ್ನ ಜೇಲಿಗೆ ಹಾಕ್ಸಿದವ್ರು ಇವರ ಅಲ್ಲೇನ್ರಿ?"

ಇನಾಮದಾರರು ಎದ್ದು ಕೈ ಮುಗಿದರು. "ಹೌದ್ರಿ, ನಾನ. ನಾ ಸಾಕ್ಷಿ ಹೇಳದಿದ್ರ ನೀವು ಜೇಲಿಗೆ ಹೋಗತಿದ್ರೇನು? ಜೇಲಿಗೆ ಹೋಗದಿದ್ರ ಲೀಡರ್ ಆಗತಿದ್ರೇನು? ನಿಮ್ಮ ಏಳಿಗ್ಯಾಗ ನಂದೂ ಒಂದೀಟು ಸೇವಾ ಐತ್ರಿ!"

ಟಿಕೋಟಾದಿಂದ ಬಂದ ಪತ್ರ

ಅವತ್ತೇ ವಕೀಲರು ತಮ್ಮ ಊರು ಟಿಕೋಟಾಕ್ಕೆ ಹೋಗಿ, ಎರಡು ದಿನ ಕೂತು ರಾಜೀನಾಮೆ ಬರೆದು ಟಪಾಲಿಗೆ ಹಾಕಿದರು. ಮೂರನೆಯ ದಿನ ಅವರು ವಿಜಾಪುರದ ಕಚೇರಿಗೆ ಬಂದು ಕೂಡುವುದಕ್ಕೂ, ಟಪಾಲಿನವ ಆ ಲಕೋಟೆ ತರುವುದಕ್ಕೂ ಸರಿಹೋಯಿತು. ಮೇಲೆ ಬರೆದ ವಿಳಾಸ: ಅಧ್ಯಕ್ಷರು, ತಾಲ್ಲೂಕಾ ಸಮಿತಿ.

"ಸಾಹೇಬ್ರ, ಇದು ನಿಮ್ಮ ಪತ್ರ ನಿಮಗ ಬಂದದ," ಅಂದೆ.

"ನೇಮ ಅಂದ್ರ ನೇಮಪಾ. ಸದಸ್ಯ ಆದಾಂವ ರಾಜೀನಾಮೆ ಅಧ್ಯಕ್ಷಗ ಕೊಡಬೇಕು. ಅಧ್ಯಕ್ಷ ನಾನ ಅದೇನಿ, ಏನ್ ಮಾಡಲಿ?"

ಲಕೋಟೆ ಒಡೆದು ಓದಿದರು. ಮತ್ತೊಮ್ಮೆ ಓದಿದರು. ಹುಬ್ಬು ಗಂಟಿಕ್ಕಿತು. ನನಗೆ ಉತ್ತರ ಬರೆಯಲು ಹೇಳಿದರು: "ತಮ್ಮ ರಾಜೀನಾಮೆ ಬಂದು ಮುಟ್ಟಿತು. ಭಾಷೆಯಲ್ಲಿ ಸಿಟ್ಟು ಹೆಚ್ಚು, ಕಾರಣ ಕಡಿಮೆ. ಶಾಂತಚಿತ್ತದಿಂದ ಬರೆದು ಮತ್ತೆ ಕಳಿಸತಕ್ಕದ್ದು."

ನಾನು ಬರೆದೆ, ಅವರು ಸಹಿ ಹಾಕಿದರು. ಅದನ್ನು ಟಿಕೋಟಾಕ್ಕೆ ಟಪಾಲು ಮಾಡಿಸಿ, ಉತ್ತರ ಓದಲು ತಾವೂ ಅದರ ಬೆನ್ನಿಗೇ ಮೋಟಾರು ಹತ್ತಿ ಹೋದರು. ಎರಡನೆಯ ರಾಜೀನಾಮೆ ಮಾತ್ರ ಅವರಿಗೆ ಒಪ್ಪಿಗೆಯಾಯಿತು.

ಮನೆಯೊಳಗಿನ ಪಕ್ಷ

ರೈತರ ಹೆಸರಿನಲ್ಲಿ ಆಗತಾನೇ ಒಂದು ಹೊಸ ಪಕ್ಷ ಕಟ್ಟಿದ್ದರು. ಅದನ್ನೇ ಸೇರುವುದೆಂದು ನಿಶ್ಚಯವಾಯಿತು. ವಕೀಲರು ನನ್ನನ್ನೂ ಕರೆದುಕೊಂಡು ವಿಜಾಪುರದ ಮನೆಗೆ ಬಂದು, ಚರಕದ ಮುಂದೆ ಕೂತಿದ್ದ ಹೆಂಡತಿಗೆ, "ಇನ್ನ ಅದನ್ನ ಎತ್ತಿಡು. ನಾವು ಪಕ್ಷ ಬಿಟ್ಟೀವಿ," ಅಂದರು.

ಅಕ್ಕಾರು ಎಳೆ ಹರಿಯಗೊಡಲಿಲ್ಲ. "ನೀವು ಬಿಟ್ಟೀರಿ. ನಾ ಎಲ್ಲಿ ಬಿಟ್ಟೇನಿ?"

ವಕೀಲರಿಗೆ ಸಿಡಿಲು ಬಡಿದಂತಾಯಿತು. "ಅಂದ್ರ?"

"ನೀವು ಜೇಲಿನ್ಯಾಗ ಇದ್ದಾಗ ದಿನಾ ನೂಲು ತಗದು ಕೊಟ್ಟಾಕಿ ನಾನು. ಬಿಡೂ ಮುಂದ ನನ್ನ ಒಂದ ಮಾತು ಕೇಳಿದ್ರೇನು? ಕೆಟ್ಟವ್ರು ಒಳಗ ಬಂದ್ರು ಅಂತ ಚಲೋ ಮಂದಿ ಹೊರಗ ಹೋದ್ರ, ಮನಿ ಯಾರ ಪಾಲಾತ್ರಿ?"

ಊಟದ ಹೊತ್ತಿಗೆ ವಕೀಲರು ಎಂದಿನಂತೆ ಅಡಿಗೆಮನೆಗೆ ಹೊರಟರೆ, ತಾಟು ಪಡಸಾಲೆಯಲ್ಲಿತ್ತು. "ವಿರೋಧ ಪಕ್ಷದವ್ರು ಅಲ್ಲೇ ಕುಂಡ್ರಬೇಕ್ರಿ," ಅಂತ ಒಳಗಿನಿಂದ ದನಿ ಬಂತು.

ವಕೀಲರು ರೊಟ್ಟಿ ಮುರಿಯುತ್ತ ನನ್ನ ಕಿವಿಯಲ್ಲಿ ಅಂದರು: "ಮುಂದಿನ ಇಲೆಕ್ಷನ್ನಿಗೆ ಹಳೇ ಪಕ್ಷದವ್ರು ಈಕಿನ್ನ ನಿಂದ್ರಿಸಿದ್ರ ಮುಗೀತು. ನನ್ನ ಓಟೂ ಈಕಿಗೇ."

ನಿಡೋಣಿಯ ನಿಷ್ಠೆ

ಚಳವಳಿಯ ಕಾಲಕ್ಕೆ ಪೋಲೀಸರು ಬೆನ್ನುಹತ್ತಿದಾಗ ನಿಡೋಣಿಯ ರೈತರು ವಕೀಲರನ್ನು ನೆಲದೊಳಗಿನ ಬರಿದಾದ ಜೋಳದ ಹಗೇವಿನಲ್ಲಿ ಮುಚ್ಚಿಟ್ಟು ಉಳಿಸಿದ್ದರು. ಆ ಊರಿಗೆ ತಾವೇ ಹೋಗಿ ಹೇಳದೆ ಹೊಸ ಪಕ್ಷ ಸೇರಲು ಅವರಿಗೆ ಮನಸ್ಸು ಬರಲಿಲ್ಲ. ಸಾರವಾಡದವರೆಗೆ ಮೋಟಾರು, ಮುಂದೆ ಚಕ್ಕಡಿ.

ಕಟ್ಟೆಯ ಮೇಲೆ ಊರೇ ಕೂಡಿತ್ತು. ವಕೀಲರು ಎಲ್ಲ ಹೇಳಿ ಮುಗಿಸಿದಾಗ ಒಬ್ಬ ಹಿರಿಯರು ಎದ್ದರು. "ನೀವು ಬಿಟ್ರ ನಾವೂ ಬಿಟ್ಟೀವ್ರಿ. ನಮ್ಮ ರಾಜೀನಾಮಿನೂ ಬರಕೋರಿ."

ನಾನು ಸಂಗಡ ತಂದಿದ್ದ ಸದಸ್ಯರ ಪಟ್ಟಿ ತಿರುವಿ ಹಾಕಿದೆ. "ಯಜಮಾನ್ರ, ಈ ಊರಾಗ ಒಬ್ರೂ ಸದಸ್ಯರಿಲ್ಲ."

ಕಟ್ಟೆಗೆ ಕಟ್ಟೆಯೇ ನನ್ನ ಕಡೆ ತಿರುಗಿತು. ಹಿರಿಯರು ಕೋಲು ನೆಲಕ್ಕೆ ಕುಟ್ಟಿದರು. "ಸದಸ್ಯರಲ್ಲ? ಮತ್ತ ಇವರನ್ನ ಹಗೇವಿನ್ಯಾಗ ಮುಚ್ಚಿಟ್ಟಾವ್ರು ಯಾರಲೇ?"

"ಅದಕ್ಕ ಅರ್ಜಿ ತುಂಬಬೇಕ್ರಿ."

"ಹಂಗಾರ ತುಂಬು! ಮೊದಲ ಒಳಗ ಬರತೀವಿ, ಆಮ್ಯಾಲ ಎಲ್ಲಾರೂ ಕೂಡಿ ಹೊರಗ ಹೋಗತೀವಿ."

ವಕೀಲರು ಕಣ್ಣೊರೆಸಿಕೊಂಡರು. ಹಳೆಯ ಪಕ್ಷದ ಖಾಲಿ ಅರ್ಜಿಗಳು ನನ್ನ ಚೀಲದಲ್ಲೇ ಇದ್ದವು. ಮುಂಜಾನೆಯೆಲ್ಲ ಸೇರುವ ಹೆಬ್ಬೆಟ್ಟು, ಮಧ್ಯಾಹ್ನವೆಲ್ಲ ಬಿಡುವ ಹೆಬ್ಬೆಟ್ಟು. ನಡುವೆ ಒಬ್ಬಾತ ಕೇಳಿದ: "ನಾ ಈಗ ಪಕ್ಷದಾಗ ಅದೇನೋ, ಬಿಟ್ಟೇನೋ?"

"ಈಗ ಅದೀರಿ."

"ಹಂಗಾರ ಒಂದ್ ಕಪ್ ಚಾ ಕುಡದು ಬಿಡತೀನಿ ತಡೀರಿ."

ಸಂಜೆಗೆ ಊರೆಲ್ಲ ಹೊಸ ಪಕ್ಷ ಸೇರಿತು. ಮರುದಿನ ನಾನು ಹಳೆಯ ಪಕ್ಷದ ಪ್ರಾಂತದ ಕಚೇರಿಗೆ ಎರಡು ಕಟ್ಟು ಕಳಿಸಿದೆ: ಒಂದು ಅರ್ಜಿಗಳದು, ಇನ್ನೊಂದು, ವಕೀಲರದೂ ಸೇರಿ, ರಾಜೀನಾಮೆಗಳದು. ಅಲ್ಲಿಯವರು ಬಿಚ್ಚಿದ್ದು ಮೊದಲನೆಯ ಕಟ್ಟನ್ನಷ್ಟೇ ಅಂತ ಕಾಣುತ್ತದೆ. ಎಂಟು ದಿನಕ್ಕೆ ವಕೀಲರ ಹೆಸರಿಗೆ ಮುದ್ರೆಯೊತ್ತಿದ ಪತ್ರ ಬಂತು. ಒಂದೇ ದಿನ ಇಡೀ ಊರನ್ನು ಪಕ್ಷಕ್ಕೆ ತಂದ ತಮ್ಮ ನಿಷ್ಠೆ ಉಳಿದವರಿಗೆ ಮಾದರಿಯಾಗಲಿ, ಅಂತ ಬರೆದಿದ್ದರು.

ವಕೀಲರು ಓದಿದರು, ಕುರ್ಚಿ ಹುಡುಕಿ ಕೂತು ಅಂದರು:

"ಇಷ್ಟು ವರ್ಷ ಪಕ್ಷದಾಗಿದ್ದು ಮೈ ಮುರದು ದುಡದೆ, ಒಬ್ರೂ ಶಾಭಾಷ್ ಅನ್ನಲಿಲ್ಲ. ಬಿಡೂದ್ರಾಗ ನಾ ಇಷ್ಟು ಶಾಣ್ಯಾ ಅಂತ ಗೊತ್ತಿದ್ರ ಮೊದಲ ಬಿಡತಿದ್ನಲ್ಲೋ!"